ತಂತಿ ಕಡಿಯಲಿ ಬಿಡಿ

ಸಂಪಾದಕರಿಗೆ,

ಮಾನ್ಯರೆ,

ಎಂಜಿನಿಯರಿಂಗ್ ಕಾಲೇಜೊಂದು ತನ್ನ ಉಷ್ಣ ವರ್ಗಾವಣೆ ಪ್ರಯೋಗಾಲಯದ ಹಳೆಯ ಸಲಕರಣೆಗಳನ್ನು ಗುಜರಿಗೆ ಹಾಕಿ, ಆ ಜಾಗದಲ್ಲಿ ಪ್ರಯೋಗಗಳನ್ನು ಪರದೆಯ ಮೇಲೆ ತೋರಿಸುವ ಕಂಪ್ಯೂಟರುಗಳನ್ನು ಕೂರಿಸಿದೆ ಎಂಬ ಸುದ್ದಿ ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿತ್ತು. ಹೊರಗೆ ಹೋದ ಸಾಮಾನುಗಳ ಪೈಕಿ ನೀರು ಕುದಿಸುವ ಗಾಜಿನ ತೊಟ್ಟಿಯೂ ಇತ್ತು. ‘ಇನ್ನು ತಂತಿ ದಂಡವಾಗುವುದಿಲ್ಲ, ಎಷ್ಟು ಸಲ ಮಾಡಿದರೂ ಒಂದೇ ಉತ್ತರ ಬರುತ್ತದೆ’ ಎಂದು ಕಾಲೇಜಿನವರು ಹೆಮ್ಮೆಯಿಂದ ಹೇಳಿದ್ದನ್ನು ನೀವು ಹಾಗೆಯೇ ಅಚ್ಚು ಹಾಕಿದ್ದೀರಿ. ಆ ಒಂದು ಸಾಲಿಗಾಗಿ ಈ ಪತ್ರ. ಉದ್ದವಾದರೆ ಕತ್ತರಿಸಿಕೊಳ್ಳಿ, ಆದರೆ ತಂತಿಯ ಭಾಗವನ್ನು ಉಳಿಸಿ.

ನಾನು ಬೇರೊಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪ್ರಯೋಗಾಲಯ ಬೋಧಕನಾಗಿದ್ದೆ. ಓದಿದ್ದು ಡಿಪ್ಲೊಮಾ. ಸಮೀಕರಣಗಳು ಪ್ರಾಧ್ಯಾಪಕರ ಪಾಲು. ತೊಟ್ಟಿ ತೊಳೆಯುವುದು, ತಂತಿ ಬಿಗಿಯುವುದು, ಹುಡುಗರು ಸುಟ್ಟ ಫ್ಯೂಸನ್ನು ಬದಲಿಸುವುದು ನನ್ನ ಪಾಲು. ಹೀಗಾಗಿ ಪಾಠಕ್ಕಿಂತ ಗುಳ್ಳೆಗಳನ್ನೇ ಹೆಚ್ಚು ನೋಡಿದವನು.

ಪ್ರಯೋಗ ಬಹಳ ಸರಳ. ತೊಟ್ಟಿಯಲ್ಲಿ ಬಟ್ಟಿ ಇಳಿಸಿದ ನೀರು, ಅದನ್ನು ಕುದಿಯುವ ಮಟ್ಟದಲ್ಲಿಡಲು ಒಂದು ಹೀಟರ್. ನೀರಿನೊಳಗೆ ಎರಡು ತಾಮ್ರದ ಹಿಡಿಗಳ ನಡುವೆ ಹತ್ತು ಸೆಂಟಿಮೀಟರ್ ಉದ್ದದ ನೈಕ್ರೋಮ್ (ನಿಕಲ್ ಮತ್ತು ಕ್ರೋಮಿಯಂ ಬೆರಕೆ ಲೋಹ) ತಂತಿ. 36 ಗೇಜಿನದು, ದಪ್ಪ ಮಿಲಿಮೀಟರಿನ ಐದನೇ ಒಂದು ಪಾಲಿಗಿಂತ ಒಂದು ಕೂದಲು ಕಡಿಮೆ. ಡಿಮ್ಮರ್‌ಸ್ಟ್ಯಾಟ್ ಗುಂಡಿ ತಿರುಗಿಸುತ್ತಾ ತಂತಿಗೆ ಹರಿಯುವ ವಿದ್ಯುತ್ತನ್ನು ಮೆಲ್ಲಗೆ ಏರಿಸುತ್ತಾ ಹೋಗಬೇಕು, ತಂತಿ ಕಡಿಯುವ ತನಕ. ಕಡಿಯುವ ಮುಂಚಿನ ಕ್ಷಣದಲ್ಲಿ ಮೀಟರು ಎಷ್ಟು ತೋರಿಸಿತು ಎಂಬುದನ್ನು ಬರೆದುಕೊಳ್ಳಬೇಕು. ಅಷ್ಟೇ.

ಆ ಹತ್ತು ನಿಮಿಷದಲ್ಲಿ ಕಾಣುವುದು ಇದು. ಮೊದಲು ತಂತಿಯ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಬೆವರಿನಂತೆ ಮೂಡಿ ಕದಲದೆ ಕೂರುತ್ತವೆ. ಅವು ನೀರಿನಲ್ಲಿ ಕರಗಿದ್ದ ಗಾಳಿ. ವಿದ್ಯುತ್ತು ಏರಿಸಿದರೆ ಎಲ್ಲೋ ಒಂದು ಬಿಂದುವಿನಿಂದ ಗುಳ್ಳೆಗಳ ಸರವೊಂದು ಮೇಲೇಳುತ್ತದೆ. ಇವು ಹಬೆಯವು. ಇನ್ನೊಂದು ಸುತ್ತು ತಿರುಗಿಸಿದರೆ ಇನ್ನೊಂದು ಬಿಂದು ಎಚ್ಚರಗೊಳ್ಳುತ್ತದೆ, ಆಮೇಲೆ ಇನ್ನೊಂದು. ಸರಗಳು ಒತ್ತೊತ್ತಾಗಿ, ಒಂದನ್ನೊಂದು ನುಂಗಿ, ಕಂಬಗಳಾಗುತ್ತವೆ. ತೊಟ್ಟಿ ಗುರುಗುಟ್ಟುತ್ತದೆ. ಆಗ ತಂತಿಯ ಒಂದು ಕಡೆ ಕೆಂಪು ಚುಕ್ಕಿ ಕಾಣುತ್ತದೆ, ಅದು ಉದ್ದಕ್ಕೂ ಓಡುತ್ತದೆ, ಟಪ್ ಎನ್ನುತ್ತದೆ. ಕೆಂಪು ಕಂಡದ್ದಕ್ಕೂ ಕಡಿದದ್ದಕ್ಕೂ ನಡುವೆ ಒಂದು ಉಸಿರು ಎಳೆದುಕೊಳ್ಳುವಷ್ಟೂ ಹೊತ್ತಿಲ್ಲ.

ಪ್ರತಿ ವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆಯೊಂದಿತ್ತು: ‘ಸಾರ್, ನೀರಿನೊಳಗೆ ಮುಳುಗಿರುವ ತಂತಿ ಕೆಂಪಗೆ ಕಾಯುವುದು ಹೇಗೆ?’ ಈ ಪ್ರಶ್ನೆ ಕೇಳಿಸಲೆಂದೇ ಆ ತೊಟ್ಟಿ ಇದ್ದದ್ದು. ಉತ್ತರಕ್ಕೆ ನಾನು ಹುಡುಗರನ್ನು ನಮ್ಮೂರಿನ ಬೆಣ್ಣೆದೋಸೆ ಹೋಟೆಲಿಗೆ ಕಳಿಸುತ್ತಿದ್ದೆ. ದಾವಣಗೆರೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಬೇರೆಲ್ಲಿದೆ? ಹಿಟ್ಟು ಹುಯ್ಯುವ ಮೊದಲು ದೋಸೆಯವನು ಹಂಚಿನ ಮೇಲೆ ನೀರು ಚಿಮುಕಿಸುತ್ತಾನೆ. ಚುರ್ರೆಂದು ತಕ್ಷಣ ಆರಿದರೆ ಪೊರಕೆಯಾಡಿಸಿ ಹಿಟ್ಟು ಹುಯ್ಯುತ್ತಾನೆ. ನೀರು ಪಾದರಸದಂತೆ ಗುಂಡಗಾಗಿ, ಸದ್ದಿಲ್ಲದೆ ಅತ್ತಿತ್ತ ಓಡಾಡಿದರೆ ಒಲೆಯಿಂದ ಒಂದು ಕಟ್ಟಿಗೆ ಹೊರಗೆಳೆಯುತ್ತಾನೆ. ಹಂಚು ಅತಿಯಾಗಿ ಕಾದಾಗಲೇ ನೀರು ಆರದೆ ಉಳಿಯುತ್ತದೆ! ಹನಿಯ ತಳದಲ್ಲಿ ಹುಟ್ಟಿದ ಹಬೆಯೇ ಹನಿಯನ್ನು ಎತ್ತಿ ಹಿಡಿದಿರುತ್ತದೆ. ಹಂಚು ನೀರನ್ನು ಮುಟ್ಟುವುದೇ ಇಲ್ಲ. ಜರ್ಮನಿಯ ಡೂಯಿಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ವೈದ್ಯ ಲೈಡನ್‌ಫ್ರಾಸ್ಟ್ ಕೆಂಪಗೆ ಕಾದ ಕಬ್ಬಿಣದ ಸೌಟಿನಲ್ಲಿ ಇದನ್ನೇ ನೋಡಿ 1756ರಲ್ಲಿ ಬರೆದಿಟ್ಟ. ನಮ್ಮ ತಂತಿಗೆ ಆಗುವುದೂ ಅದೇ. ಹಬೆ ಕಂಬಳಿಯಂತೆ ಸುತ್ತಿಕೊಳ್ಳುತ್ತದೆ, ನೀರು ಒಳಗೆ ಬರಲಾರದು, ಶಾಖ ಹೊರಗೆ ಹೋಗಲಾರದು. ನೀರಿನ ನಡುವೆ ಇದ್ದೂ ತಂತಿ ಒಣಗಿ ಸಾಯುತ್ತದೆ.

ಇದನ್ನು ಮೊದಲು ಸರಿಯಾಗಿ ಅಳೆದು ತೋರಿಸಿದವರು ಜಪಾನಿನ ಸೆಂಡಾಯ್ ಊರಿನ ತೊಹೊಕು ವಿಶ್ವವಿದ್ಯಾಲಯದ ಶಿರೊ ನುಕಿಯಾಮಾ, 1934ರಲ್ಲಿ. ಅವರ ಸಲಕರಣೆಗೂ ನನ್ನ ತೊಟ್ಟಿಗೂ ದೊಡ್ಡ ವ್ಯತ್ಯಾಸವಿಲ್ಲ: ನೀರು, ತಂತಿ, ಮೀಟರು. ತಂತಿಯ ವಿದ್ಯುತ್ ರೋಧದಿಂದಲೇ ಅದರ ಉಷ್ಣತೆಯನ್ನು ಲೆಕ್ಕ ಹಾಕಿದ್ದು ಅವರ ಜಾಣತನ. ನೈಕ್ರೋಮ್ ಕರಗಿ ಕಡಿಯಿತು, 1768 ಡಿಗ್ರಿಯವರೆಗೆ ಕರಗದ ಪ್ಲಾಟಿನಮ್ ಕೆಂಪಗಾಗಿಯೂ ಉಳಿಯಿತು. ಉಳಿದದ್ದರಿಂದಲೇ ಹಬೆಯ ಕಂಬಳಿ ಸುತ್ತಿಕೊಂಡ ಮೇಲಿನ ಲೆಕ್ಕವೂ ಸಿಕ್ಕಿತು. ಲೇಖನ ಜಪಾನಿ ಭಾಷೆಯಲ್ಲಿತ್ತು. ಇಂಗ್ಲಿಷಿನಲ್ಲಿ ಪೂರ್ತಿ ಅಚ್ಚಾದದ್ದು 1966ರಲ್ಲಿ. ಸ್ವಂತ ಭಾಷೆಯಲ್ಲಿ ವಿಜ್ಞಾನ ಬರೆದರೆ ಯಾರು ಓದುತ್ತಾರೆ ಎಂದು ಕೇಳುವವರಿಗೆ ನಾನು ಈ ಕಥೆ ಹೇಳುವುದುಂಟು. ಅದಿರಲಿ.

ಈಗ ಆ ‘ಒಂದೇ ಉತ್ತರ’ದ ವಿಷಯ. ಕಂಪ್ಯೂಟರಿನ ಪರದೆಯ ಮೇಲಿನ ತಂತಿ ಕಡಿಯುವುದು ಒಂದು ಸೂತ್ರದ ಪ್ರಕಾರ. ಸೋವಿಯತ್ ದೇಶದ ಕುಟಟೆಲಾಡ್ಜೆ 1948ರಲ್ಲಿ ಆ ಸೂತ್ರದ ರೂಪ ಕೊಟ್ಟರು. ಹತ್ತು ವರ್ಷದ ಬಳಿಕ ಅಮೆರಿಕದಲ್ಲಿ ನೊವಾಕ್ ಜ್ಯೂಬರ್ ಅದಕ್ಕೆ ಕಾರಣ ಹೇಳಿದರು: ಮೇಲೇರುವ ಹಬೆಯ ಕಂಬಗಳು, ಅವುಗಳ ನಡುವೆ ಕೆಳಗಿಳಿಯುವ ನೀರು. ಹಬೆಯ ರಭಸ ಒಂದು ಮಿತಿ ದಾಟಿದರೆ ನೀರಿಗೆ ಇಳಿಯಲು ದಾರಿ ಸಿಗದು. ಜಾತ್ರೆಯಲ್ಲಿ ಒಂದೇ ಬಾಗಿಲಿನಿಂದ ಜನ ಒಳಗೂ ಹೊರಗೂ ನುಗ್ಗಿದ ಹಾಗೆ. ಲೆಕ್ಕ ಮಾಡಿದರೆ ನೀರಿಗೆ ಆ ಮಿತಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 110 ವ್ಯಾಟ್. ಮನೆಯ ಗ್ಯಾಸ್ ಒಲೆಯಲ್ಲಿ ಹಾಲಿನ ಪಾತ್ರೆಯ ತಳಕ್ಕೆ ನಾಲ್ಕೈದು ವ್ಯಾಟ್ ತಾಗಿದರೆ ಹೆಚ್ಚು, ಆದ್ದರಿಂದ ಗೃಹಿಣಿಯರು ಹೆದರಬೇಕಾಗಿಲ್ಲ. ನಮ್ಮ ತಂತಿಯ ಮೈ ಚದರ ಸೆಂಟಿಮೀಟರಿನ ಹತ್ತರಲ್ಲಿ ಆರು ಪಾಲು. ಹಾಗಾಗಿ 16 ವೋಲ್ಟ್, 4.2 ಆಂಪಿಯರ್, ಅಂದರೆ 67 ವ್ಯಾಟಿನ ಹತ್ತಿರ ಅದು ಕಡಿಯಬೇಕು.

ಕಡಿಯುತ್ತಿತ್ತೇ? ಕೆಲವು ಸಲ. ಒಂದು ತಂಡಕ್ಕೆ ಚದರ ಸೆಂಟಿಮೀಟರಿಗೆ 85 ವ್ಯಾಟ್ ಬಂದರೆ ಪಕ್ಕದ ತಂಡಕ್ಕೆ 140. ಅದೇ ಸುರುಳಿಯ ತಂತಿ, ಅದೇ ನೀರು, ಅದೇ ಮಧ್ಯಾಹ್ನ. ಜ್ಯೂಬರ್ ಸೂತ್ರ ಅಗಲವಾದ ಮಟ್ಟಸ ತಳಕ್ಕೆ ಹೊಂದಿಸಿದ್ದು. ಅಂಥ ತಳದಿಂದ ಬಿಟ್ಟು ಹೊರಡುವ ಹಬೆಗುಳ್ಳೆ ಎರಡು ಮೂರು ಮಿಲಿಮೀಟರ್ ದಪ್ಪವಿರುತ್ತದೆ, ನಮ್ಮ ತಂತಿಯ ಹತ್ತು ಪಟ್ಟಿಗೂ ಹೆಚ್ಚು. ಕುದುರೆಗಿಂತ ಸವಾರ ದೊಡ್ಡವನಾದರೆ ಕುದುರೆಯ ಲೆಕ್ಕ ತಪ್ಪುತ್ತದೆ. ತಂತಿ ಬಿಗಿಯುವಾಗ ಬಿದ್ದ ಗೀರು, ಹುಡುಗರ ಬೆರಳಿನ ಜಿಡ್ಡು, ಗುಂಡಿ ತಿರುಗಿಸಿದ ಅವಸರ ಇವೂ ಸೇರುತ್ತವೆ. ಮಕ್ಕಳು ಮಾತ್ರ ಇದನ್ನು ತಪ್ಪು ಎಂದೇ ತಿಳಿದು, ರೆಕಾರ್ಡ್ ಪುಸ್ತಕದಲ್ಲಿ 109, 111 ಎಂದು ಬರೆದು ತರುತ್ತಿದ್ದರು. 85 ಬರೆದವನಿಗೆ ಅಂಕ ಕಡಿಮೆ ಕೊಟ್ಟ ಪರೀಕ್ಷಕರನ್ನೂ ಕಂಡಿದ್ದೇನೆ. ಆಗ ಬಾಯಿ ಮುಚ್ಚಿಕೊಂಡಿದ್ದೆ, ಈಗ ಹೇಳುತ್ತಿದ್ದೇನೆ: ಆ 85 ನಿಜ, ಆ 109 ಸುಳ್ಳು.

ಒಬ್ಬಳು ಹುಡುಗಿ ನೆನಪಿದ್ದಾಳೆ, ಹಿರಿಯೂರು ಕಡೆಯವಳು. ಎಲ್ಲರೂ ಮೀಟರು ನೋಡುತ್ತಿದ್ದರೆ ಇವಳು ಗಾಜಿಗೆ ಮೂಗು ತಾಗಿಸಿ ತಂತಿಯನ್ನೇ ನೋಡುತ್ತಿದ್ದಳು. ‘ಸಾರ್, ಗುಳ್ಳೆ ಎಲ್ಲ ಕಡೆಯಿಂದ ಬರುತ್ತಿಲ್ಲ, ಮೂರೇ ಜಾಗದಿಂದ ಬರುತ್ತಿದೆ’ ಎಂದಳು. ವಿದ್ಯುತ್ತು ಆರಿಸಿ ಮತ್ತೆ ಹಚ್ಚಿದೆವು. ಅದೇ ಮೂರು ಜಾಗ. ಹೊಸ ತಂತಿ ತೆಗೆದುಕೊಂಡು ಅರ್ಧಕ್ಕೆ ಮಾತ್ರ ಉಪ್ಪುಕಾಗದ ತಿಕ್ಕಿ ಕೊಟ್ಟೆ. ಆ ಅರ್ಧ ಬೇಗನೆ ಎದ್ದು ಸಾಲು ಸಾಲಾಗಿ ಗುಳ್ಳೆ ಬಿಟ್ಟಿತು, ಈ ಅರ್ಧ ಇನ್ನೂ ಸುಮ್ಮನಿತ್ತು. ಗುಳ್ಳೆ ಶೂನ್ಯದಿಂದ ಹುಟ್ಟುವುದಿಲ್ಲ. ಕಣ್ಣಿಗೆ ಕಾಣದ ಗೀರಿನಲ್ಲಿ ಸಿಕ್ಕಿಕೊಂಡ ಚೂರು ಗಾಳಿಯೋ ಹಬೆಯೋ ಅದಕ್ಕೆ ಬೀಜ. ತಂತಿಯ ಮೈ 105 ಡಿಗ್ರಿ ಇದ್ದರೆ ಬೀಜದ ಬಾಯಿ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟಾದರೂ ಇರಬೇಕು; ಅದಕ್ಕಿಂತ ಕಿರಿದಾದರೆ ನೀರಿನ ಮೇಲ್ಮೈ ಸೆಳೆತ ಗುಳ್ಳೆಯನ್ನು ಹಿಸುಕಿ ಹಾಕುತ್ತದೆ. ಮೈಕ್ರೋವೇವ್ ಒಲೆಯಲ್ಲಿ ನುಣುಪಾದ ಪಿಂಗಾಣಿ ಲೋಟದ ನೀರು ಕುದಿಯದೆ ಸುಮ್ಮನಿದ್ದು, ಕಾಫಿಪುಡಿ ಹಾಕಿದೊಡನೆ ಮುಖಕ್ಕೆ ಉಕ್ಕುವುದು ಈ ಬೀಜವಿಲ್ಲದ ಕಾರಣಕ್ಕೇ. ಮನೆಯಲ್ಲಿ ಆ ಒಲೆ ಇರುವವರು ನೀರಿಗೆ ಮೊದಲೇ ಒಂದು ಮರದ ಕಡ್ಡಿ ಹಾಕಿಡಲಿ.

ಹುಟ್ಟಿದ ಗುಳ್ಳೆ ಬೆಳೆಯುವುದಕ್ಕೆ ಮಾತ್ರ ಚೆಂದದ ಲೆಕ್ಕವಿದೆ. ಗುಳ್ಳೆ ತನ್ನ ಸುತ್ತಲಿನ ನೀರಿನ ಶಾಖವನ್ನೇ ತಿಂದು ಹಬೆ ಮಾಡಿಕೊಳ್ಳುತ್ತದೆ. ತಿಂದಷ್ಟೂ ಆ ಸುತ್ತಿನ ನೀರು ತಣ್ಣಗಾಗುತ್ತದೆ, ಮುಂದಿನ ತುತ್ತು ದೂರದಿಂದ ಬರಬೇಕು. ಆದ್ದರಿಂದ ಬೆಳವಣಿಗೆ ನಿಧಾನವಾಗುತ್ತಾ ಹೋಗುತ್ತದೆ. 1954ರಲ್ಲಿ ಪ್ಲೆಸೆಟ್ ಮತ್ತು ಜ್ವಿಕ್ ಇದನ್ನು ಗಣಿತವಾಗಿ ಬಿಡಿಸಿದರು: ಗುಳ್ಳೆ ಎರಡು ಪಟ್ಟು ದೊಡ್ಡದಾಗಲು ನಾಲ್ಕು ಪಟ್ಟು ಹೊತ್ತು ಬೇಕು. ಕುದಿಬಿಂದುವಿಗಿಂತ ಐದು ಡಿಗ್ರಿ ಹೆಚ್ಚು ಕಾದ ನೀರಿನ ನಡುವೆ ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಅದರ ತ್ರಿಜ್ಯ 1.2 ಮಿಲಿಮೀಟರ್, ನೂರನೇ ನಾಲ್ಕು ಪಾಲಿನಲ್ಲಿ 2.4. ಈ ಲೆಕ್ಕವನ್ನು ಕಂಪ್ಯೂಟರು ಸೊಗಸಾಗಿ ತೋರಿಸುತ್ತದೆ, ತೋರಿಸಲಿ. ನಮ್ಮ ಕಣ್ಣಿಗೆ ಸಿಗದ ವೇಗ ಅದು.

ಆದರೆ ಆ ಗುಳ್ಳೆಗಳು ಎಷ್ಟು ಜಾಗದಿಂದ ಏಳುತ್ತವೆ? ಅಲ್ಲಿ ಗಣಿತ ಕೈಚೆಲ್ಲುತ್ತದೆ. ಕುದಿಯುವ ನೀರಿಗೆ ಶಾಖ ಎಷ್ಟು ಹೋಗುತ್ತದೆ ಎನ್ನಲು ಎಲ್ಲ ಕಾಲೇಜುಗಳಲ್ಲೂ ಕಲಿಸುವ ಸೂತ್ರ ಅಮೆರಿಕದ ವಾರನ್ ರೋಸೆನೋ 1952ರಲ್ಲಿ ಕೊಟ್ಟದ್ದು. ಅದರೊಳಗೆ ಒಂದು ಸಂಖ್ಯೆ ಇದೆ. ಯಾವ ಲೋಹ, ಯಾವ ದ್ರವ, ಮೈ ಹೇಗಿದೆ ಎಂಬುದಕ್ಕೆ ತಕ್ಕಂತೆ ಪಟ್ಟಿ ನೋಡಿ ಹಾಕಬೇಕು. ನುಣುಪು ತಾಮ್ರಕ್ಕೆ 0.0128, ಗೀರು ಹಾಕಿದ ತಾಮ್ರಕ್ಕೆ 0.0068. ಸೂತ್ರದಲ್ಲಿ ಇದರ ಘನದಿಂದ ಭಾಗಿಸಬೇಕು. ಅದೇ ತಾಮ್ರ, ಅದೇ ನೀರು, ಅದೇ ಉಷ್ಣತೆ; ಬರೀ ಗೀರಿನಿಂದ ಶಾಖ ಆರೂವರೆ ಪಟ್ಟಿಗೂ ಹೆಚ್ಚು. ಈ ಪಟ್ಟಿ ಯಾವ ತತ್ತ್ವದಿಂದಲೂ ಇಳಿದು ಬಂದದ್ದಲ್ಲ. ಯಾರೋ ಎಲ್ಲೋ ತೊಟ್ಟಿಯ ಮುಂದೆ ಕೂತು, ಮೀಟರು ನೋಡಿ, ಬೆವರು ಒರೆಸಿಕೊಂಡು ಬರೆದದ್ದು. ಪರದೆಯ ಹಿಂದಿರುವುದೂ ಅದೇ ಪಟ್ಟಿ. ಆ ಸಂಖ್ಯೆಯನ್ನು ಮೊದಲೇ ತುಂಬಿಸಿಟ್ಟು, ‘ಒಂದೇ ಉತ್ತರ ಬರುತ್ತದೆ’ ಎಂದರೆ ಬಾರದೆ ಇನ್ನೇನು?

ನಾಳೆ ಈ ಮಕ್ಕಳು ಕಾರ್ಖಾನೆಯ ಬಾಯ್ಲರಿಗೋ ಅಣು ಸ್ಥಾವರಕ್ಕೋ ಹೋಗುತ್ತಾರೆ. ತಾರಾಪುರದಲ್ಲಿ 1969ರಿಂದ ಇಂಧನದ ಕಡ್ಡಿಗಳು ನೀರನ್ನು ಕುದಿಸುತ್ತಿದ್ದದ್ದೂ ಈ ಮಿತಿಯ ಕೆಳಗೇ. ಅಲ್ಲಿ ತಂತಿ ಕಡಿದು ನೋಡಲು ಬರುವುದಿಲ್ಲ. ಮಿತಿಯ ಹತ್ತಿರ ಎಷ್ಟು ಅಂತರ ಬಿಡಬೇಕು ಎಂಬ ಅಂದಾಜು ಎಲ್ಲಿಂದ ಬರಬೇಕು? 85ಕ್ಕೂ 140ಕ್ಕೂ ನಡುವಿನ ಅಂತರವನ್ನು ಸ್ವಂತ ಕಣ್ಣಲ್ಲಿ ಕಂಡವನಿಗೆ ಬರುತ್ತದೆ.

ಕಂಪ್ಯೂಟರು ಇರಲಿ. ಅದರ ಪಕ್ಕದಲ್ಲಿ ಆ ತೊಟ್ಟಿಯೂ ಇರಲಿ ಎಂಬುದಷ್ಟೇ ನನ್ನ ಕೋರಿಕೆ. ಗುಜರಿಯವನು ಇನ್ನೂ ಒಡೆದಿರದಿದ್ದರೆ ವಾಪಸು ತರಿಸಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಾದರೂ ತಂತಿ ಕಡಿಯಲಿ, ಬಂದ ಅಂಕಿಯನ್ನು ಇದ್ದ ಹಾಗೆ ಬರೆಯಲಿ. ಹದಿನೈದು ತಂಡಗಳ ಹದಿನೈದು ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು, ಯಾಕೆ ಹೀಗೆ ಎಂದು ಪ್ರಾಧ್ಯಾಪಕರು ಒಂದು ಗಂಟೆ ಚರ್ಚೆ ಮಾಡಲಿ.

ತಂತಿಯ ಖರ್ಚಿನ ಮಾತು ಬಂದಿತಲ್ಲ. ನನ್ನ ನಿವೃತ್ತಿಯ ದಿನ ಆಡಳಿತ ಮಂಡಳಿಯವರು ಶಾಲು ಹೊದಿಸಿದರು, ಕೊನೆಯ ವರ್ಷದ ಹುಡುಗರು ತಮಾಷೆಗೆಂದು 36 ಗೇಜಿನ ನೈಕ್ರೋಮ್ ತಂತಿಯ ಒಂದು ಹೊಸ ಸುರುಳಿ ಕೊಟ್ಟರು. ಅದು ಬೀರುವಿನಲ್ಲಿ ಶಾಲಿನ ಮೇಲೆಯೇ ಇದೆ. ಹತ್ತು ಸೆಂಟಿಮೀಟರಿನ ಲೆಕ್ಕದಲ್ಲಿ ಕೆಲವು ವರ್ಷಕ್ಕೆ ಸಾಕಾಗುತ್ತದೆ. ಆ ಕಾಲೇಜಿನವರು ನಿಮ್ಮ ಕಚೇರಿಗೆ ಒಂದು ಸಾಲು ಬರೆದರೆ ತಂದು ಕೊಡುತ್ತೇನೆ. ಡಿಮ್ಮರ್‌ಸ್ಟ್ಯಾಟ್ ಮಾತ್ರ ಅವರೇ ಹೊಂದಿಸಿಕೊಳ್ಳಬೇಕು.

ಇತಿ,
ನಿವೃತ್ತ ಪ್ರಯೋಗಾಲಯ ಬೋಧಕ,
ದಾವಣಗೆರೆ