ಸುಟ್ಟ ಸಾಲಪತ್ರ, ಸುಡದೆ ಉಳಿದ ಸಾಲ: ಬ್ರಿಟಿಷ್ ಕೊಲಂಬಿಯಾದ ಪ್ರೀಮಿಯರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಪ್ರೀಮಿಯರ್ ಅವರಿಗೆ ನಮಸ್ಕಾರಗಳು.

ನಾನು ಕೆನಡಾದ ಈ ನಿಮ್ಮ ಪ್ರಾಂತ್ಯದಲ್ಲಿ ನೆಲೆಸಿರುವ ಕನ್ನಡಿಗ. ಇಂದು ನಿಮ್ಮದಾಗಿರುವ, ಪ್ರಾಂತ್ಯ ಸರ್ಕಾರದ ಮುಖ್ಯಸ್ಥರ ಹುದ್ದೆಯಲ್ಲಿ 1952ರಿಂದ 1972ರವರೆಗೆ ಇದ್ದ ಡಬ್ಲ್ಯು.ಎ.ಸಿ. ಬೆನೆಟ್ ಅವರ ನೆಪದಲ್ಲಿ ಈ ಪತ್ರ ಬರೆಯುತ್ತಿದ್ದೇನೆ.

1930ರಲ್ಲಿ ಕೆಲೋನಾ ಎಂಬ ಸಣ್ಣ ಊರಿಗೆ ಬಂದು ಹಾರ್ಡ್‌ವೇರ್ ಅಂಗಡಿ ಕೊಂಡವರು ಅವರು. 1941ರಲ್ಲಿ ಶಾಸಕರಾದರು. ಕನ್ಸರ್ವೇಟಿವ್ ಪಕ್ಷದಲ್ಲಿ ನಾಯಕತ್ವ ದಕ್ಕದಿದ್ದಾಗ 1951ರಲ್ಲಿ ಅದನ್ನು ತೊರೆದು ಸೋಷಿಯಲ್ ಕ್ರೆಡಿಟ್ ಪಕ್ಷ ಸೇರಿದರು, ಮರುವರ್ಷವೇ ಪ್ರೀಮಿಯರ್ ಆದರು. ವ್ಯಾಪಾರಿ ಅಧಿಕಾರಕ್ಕೆ ಬಂದರೆ ಸರ್ಕಾರದ ಆಸ್ತಿ ಖಾಸಗಿಯವರ ಪಾಲಾಗುತ್ತದೆ ಎಂದು ಹೆದರುವವರು ಅವರ ಕೆಲಸವನ್ನು ನೋಡಬೇಕು. 1960ರಲ್ಲಿ ಸರ್ಕಾರದ್ದೇ ಫೆರಿ ಸೇವೆ ಆರಂಭಿಸಿದರು. 1961ರಲ್ಲಿ ಖಾಸಗಿ ವಿದ್ಯುತ್ ಕಂಪನಿಯನ್ನು ವಶಕ್ಕೆ ಪಡೆದರು. ಅದರಿಂದಲೇ ಸರ್ಕಾರಿ ವಿದ್ಯುತ್ ಸಂಸ್ಥೆ ಬಿ.ಸಿ. ಹೈಡ್ರೊ ಹುಟ್ಟಿತು. ಈ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಆದರೆ 1959ರ ಆ ದಿನ ನನ್ನನ್ನು ಕಾಡುತ್ತದೆ. ಕೆಲೋನಾದ ಒಕನಾಗನ್ ಸರೋವರದ ನೀರಿನ ಮೇಲೆ ತೆಪ್ಪ, ತೆಪ್ಪದ ತುಂಬ ರದ್ದಾದ ಸಾಲಪತ್ರಗಳು, ದಡದಲ್ಲಿ ಜನ. ಪ್ರಾಂತ್ಯ ಸಾಲಮುಕ್ತವಾಯಿತೆಂದು ಸಾರಿ, ಬೆನೆಟ್ ಉರಿಯುವ ಬಾಣ ಬಿಟ್ಟರು, ಕಾಗದಗಳು ಸುಟ್ಟುಹೋದವು. ನಿಜದಲ್ಲಿ ಸರ್ಕಾರದ ಖಾತರಿಯ ಮೇಲೆ ಬೇರೆ ಬೇರೆ ಸಂಸ್ಥೆಗಳು ಎತ್ತಿದ್ದ ಸಾಲ ಹಾಗೆಯೇ ಇತ್ತು. ಅಂಗಡಿಯ ಬಾಕಿಯನ್ನು ಗೋದಾಮಿನ ಲೆಕ್ಕಕ್ಕೆ ಬರೆದಂತೆ.

ಯಾವ ಲೆಕ್ಕಕ್ಕೂ ಬರೆಯದ ಬಾಕಿ ಇನ್ನೊಂದಿತ್ತು. ಪೀಸ್ ನದಿಗೆ ಕಟ್ಟಿ 1967ರಲ್ಲಿ ಮುಗಿಸಿದ ಅಣೆಕಟ್ಟಿಗೆ ಬೆನೆಟ್ ಅವರದೇ ಹೆಸರು. ಅದರ ಹಿಂದೆ ನಿಂತ ವಿಲ್ಲಿಸ್ಟನ್ ಜಲಾಶಯ ಸೇ ಕೇ ಡೆನೆ ಮೂಲನಿವಾಸಿಗಳ ಕಣಿವೆಯನ್ನು ಮುಳುಗಿಸಿತು. ಕಡಿಯದೆ ಬಿಟ್ಟ ಕಾಡಿನ ಮರಗಳು ನೀರಿನಲ್ಲಿ ತೇಲಾಡಿ, ಅವರ ದೋಣಿದಾರಿಯೇ ಅಪಾಯದ ದಾರಿಯಾಯಿತು. ವಸಂತದಲ್ಲಿ ನೀರಿನ ಮಟ್ಟ ಇಳಿದಾಗ ಬತ್ತಿದ ದಡದಿಂದ ಎದ್ದ ಧೂಳು ಅವರ ಊರನ್ನು ಮುಚ್ಚುತ್ತದೆ. ನಮ್ಮ ಮನೆಯ ದೀಪ ಉರಿಯುವುದು ಅದೇ ನದಿಯ ವಿದ್ಯುತ್ತಿನಿಂದ. ಇದನ್ನು ತಿಳಿದ ಮೇಲೆ ಸ್ವಿಚ್ ಒತ್ತುವಾಗ ನನ್ನ ಕೈ ಹಗುರವಾಗಿಲ್ಲ.

ಅದೇ ನದಿಯ ಮೂರನೆಯ ಅಣೆಕಟ್ಟು ಸೈಟ್ ಸಿ. 2014ರಲ್ಲಿ ಸುಮಾರು 880 ಕೋಟಿ ಡಾಲರ್ ಇದ್ದ ಅದರ ಅಂದಾಜು 2021ರಲ್ಲಿ 1,600 ಕೋಟಿಗೆ ಏರಿತು. ಆ ಏರಿಕೆಯ ಬಗ್ಗೆ ಎಲ್ಲರೂ ಮಾತನಾಡಿದರು. ಈ ಅಣೆಕಟ್ಟಿನ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ್ದ ವೆಸ್ಟ್ ಮೊಬರ್ಲಿ ಮೂಲನಿವಾಸಿ ಜನರೊಂದಿಗೆ ರಾಜಿಯಾದದ್ದು ಮಾತ್ರ 2022ರಲ್ಲಿ, ಕಾಮಗಾರಿ ಆರಂಭವಾಗಿ ಏಳು ವರ್ಷಗಳ ನಂತರ.

ನನ್ನ ಕೋರಿಕೆ ಒಂದೇ. ಮುಂದಿನ ಅಣೆಕಟ್ಟಿನದೋ ವಿದ್ಯುತ್ ಮಾರ್ಗದ್ದೋ ಪ್ರಸ್ತಾವ ಶಾಸನಸಭೆಗೆ ಬಂದಾಗ, ಖರ್ಚಿನ ಅಂದಾಜಿನ ಜೊತೆಗೇ ಇನ್ನೊಂದು ಲೆಕ್ಕವನ್ನೂ ಮಂಡಿಸಿ: ಯಾರ ನೆಲ ಹೋಗುತ್ತದೆ, ಯಾರ ಹಿರಿಯರ ಸಮಾಧಿ, ಯಾರ ಬೇಟೆಯ ದಾರಿ. ಆ ಲೆಕ್ಕವನ್ನು ಅವರೇ ಬರೆಯಲಿ. ಅದಕ್ಕೆ ಅವರ ಸಹಿ ಬೀಳುವವರೆಗೆ ಒಂದು ಗುದ್ದಲಿಯೂ ಮಣ್ಣಿಗಿಳಿಯದಿರಲಿ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ