ಮತ್ತೆ ಸೊಂಟಕ್ಕೆ ಕೊಯ್ಲಿನ ಚೀಲ ಕಟ್ಟಿದೆ

ಮೊನ್ನೆ ಸೋಮವಾರ ನಮ್ಮ ತೋಟದಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾಯಿತು. ನಾನೂ ಸೊಂಟಕ್ಕೆ ಚೀಲ ಕಟ್ಟಿಕೊಂಡು ಎಲ್ಲರ ಜೊತೆ ಇಳಿದೆ. ಊಟದ ಹೊತ್ತಿಗೆ ಚೀಲ ಮುಕ್ಕಾಲು ತುಂಬಿತ್ತು. ಈ ದಿನಕ್ಕಾಗಿ ಒಂದು ವರ್ಷ ಕಾದಿದ್ದೇನೆ. ನನ್ನನ್ನು ಇಲ್ಲಿವರೆಗೆ ತಂದವರಿಗೆಲ್ಲ ಒಂದು ಮಾತು ಹೇಳದಿದ್ದರೆ ಸಮಾಧಾನ ಆಗೋದಿಲ್ಲ.

ಹೋದ ಡಿಸೆಂಬರ್‌ನಲ್ಲಿ ಹಸಿ ಹಣ್ಣಿನ ಮೂಟೆ ಎತ್ತುವಾಗ ಸೊಂಟದಲ್ಲಿ ಚಳಕ್ ಅಂದಿತು. ಎರಡು ದಿನ ಮುಲಾಮು ಹಚ್ಚಿಕೊಂಡು ಓಡಾಡಿದೆ. ಮೂರನೇ ದಿನ ನೋವು ಬಲಗಾಲಿಗೆ ಇಳಿಯಿತು. ತೊಡೆ, ಮೀನಖಂಡದ ಹೊರಬದಿ, ಹೆಬ್ಬೆರಳಿನ ತನಕ ಉರಿ. ಸೀನು ಬಂದರೆ ಗೋಡೆ ಹಿಡಿಯಬೇಕು. ಕೊಡಗಿನ ಶಾಂತಳ್ಳಿ ಕಡೆಯ ಚಳಿ ನಿಮಗೆ ಗೊತ್ತಲ್ವಾ? ಕಾಲುಚೀಲ ಹಾಕಿಕೊಳ್ಳಲು ಬಗ್ಗುವುದಕ್ಕೇ ಆಗುತ್ತಿರಲಿಲ್ಲ. 74 ವರ್ಷದ ಅತ್ತೆ ದಿನಾ ಬೆಳಿಗ್ಗೆ ನೆಲದ ಮೇಲೆ ಕೂತು ನನ್ನ ಕಾಲಿಗೆ ಹಾಕುತ್ತಿದ್ದರು. ಅತ್ತೆಯ ಕೈಲಿ ಕಾಲು ಹಿಡಿಸಿಕೊಳ್ಳುವ ಸಂಕಟ ಸೊಂಟದ ನೋವಿಗಿಂತ ಜಾಸ್ತಿ ಇತ್ತು. ‘ಸುಮ್ನಿರು, ನೀನು ನನಗೆ ಮಾಡಿಲ್ವಾ’ ಅನ್ನುತ್ತಿದ್ದರು.

ಎಂಆರ್‌ಐ ಮಾಡಿಸಿದಾಗ ಸೊಂಟದ ಎಲ್4-ಎಲ್5 ಅನ್ನುವ ಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ನರ ಒತ್ತುತ್ತಿದೆ ಅಂತ ಗೊತ್ತಾಯಿತು. ಒಬ್ಬರ ಮಾತು ಕೇಳಿ ಸೊಂಟ ತುಳಿಸಿಕೊಂಡೆ. ಆ ರಾತ್ರಿ ಮಲಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಆಮೇಲೆ ಮೈಸೂರಿನ ಮೂಳೆ ಡಾಕ್ಟರ್ ಒಬ್ಬರು ಧೈರ್ಯ ಹೇಳಿದರು. ಪಾದದ ಶಕ್ತಿ ಸರಿ ಇದೆ, ಅವಸರ ಬೇಡ, ಬಹಳ ಜನರಿಗೆ ಆಪರೇಷನ್ ಇಲ್ಲದೆಯೇ ಕೆಲವು ವಾರ, ತಿಂಗಳುಗಳಲ್ಲಿ ಇಳಿಯುತ್ತೆ ಅಂದರು. ಮಲಗಿಯೇ ಇರಬೇಡಿ, ಆದಷ್ಟು ನಡೆಯಿರಿ ಅಂದರು. ಅವರಿಗೆ ಮೊದಲ ನಮಸ್ಕಾರ.

ಅವರ ಒಪ್ಪಿಗೆ ಪಡೆದೇ ನಾದಿನಿ ನನ್ನನ್ನು ಕೈರೋಪ್ರಾಕ್ಟರ್, ಅಂದರೆ ಬೆನ್ನು, ಕೀಲಿನ ನೋವಿಗೆ ಕೈಯಿಂದಲೇ ಚಿಕಿತ್ಸೆ ಮಾಡುವವರ ಹತ್ತಿರ ಕರೆದುಕೊಂಡು ಹೋದಳು. ನನಗೆ ಕೈಕಾಲು ನಡುಕ. ಫೋನಿನಲ್ಲಿ ಕುತ್ತಿಗೆ ತಿರುಗಿಸಿ ಕಟಕ್ ಅನ್ನಿಸುವ ವಿಡಿಯೋ ನೋಡಿದ್ದೆನಲ್ಲ! ಇವರು ಮೊದಲ 40 ನಿಮಿಷ ಬೆನ್ನು ಮುಟ್ಟಲೇ ಇಲ್ಲ. ಪ್ರಶ್ನೆ ಕೇಳಿದರು. ಎಂಆರ್‌ಐ ನೋಡಿದರು. ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಹೆಬ್ಬೆರಳು ಮೇಲಕ್ಕೆ ಎತ್ತಿಸಿ, ಒತ್ತಿ ನೋಡಿದರು. ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಪಾದ ಎತ್ತಲಾಗದಿದ್ದರೆ ನನಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಅಂದರು. ಆ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂದಿದ್ದು.

ಆಮೇಲೆ ಬೋರಲು ಮಲಗಿಸಿದರು. ಆ ಮೇಜು ಸೊಂಟದ ಹತ್ತಿರ ಎರಡು ಭಾಗ, ಕಾಲಿನ ಕಡೆಯದು ಕೆಳಕ್ಕೆ ಬಾಗುತ್ತದೆ. ಒಂದು ಅಂಗೈ ನನ್ನ ಸೊಂಟದ ಮೇಲೆ, ಇನ್ನೊಂದು ಕೈಯಿಂದ ಮೇಜನ್ನು ಮೆಲ್ಲಗೆ ಕೆಳಕ್ಕೆ ಒತ್ತಿದರು. ಕೆಲವು ಸೆಕೆಂಡ್ ಬಿಟ್ಟು ಮೇಲಕ್ಕೆ. ಮತ್ತೆ ಕೆಳಕ್ಕೆ. ಪ್ರತಿ ಸಲವೂ ‘ಕಾಲಿಗೆ ಹೋಗ್ತಿದೆಯಾ ಅಮ್ಮ?’ ಅಂತ ಕೇಳುತ್ತಿದ್ದರು. ಹೌದು ಅಂದರೆ ಅಲ್ಲೇ ನಿಲ್ಲಿಸುತ್ತಿದ್ದರು. ಕಟಕ್ ಅನ್ನುವ ಸದ್ದು ಒಂದೂ ಇಲ್ಲ. ಕೈರೋಪ್ರಾಕ್ಟಿಕ್ ಅಂದರೆ ಗ್ರೀಕಿನಲ್ಲಿ ಕೈಯಿಂದ ಮಾಡಿದ್ದು ಅಂತ ಅರ್ಥವಂತೆ, 1895ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದಂತೆ. ನನಗೆ ಆ ಬಿಸಿ ಅಂಗೈ ಮಾತ್ರ ನೆನಪಿದೆ.

ಎಂಟು ವಾರ, ಹನ್ನೊಂದು ಸಲ. ಮೊದಲು ಹೆಬ್ಬೆರಳಿನ ಜುಮ್ಮು ಹೋಯಿತು. ನೋವು ಮಂಡಿಗೆ ಸರಿಯಿತು, ಆಮೇಲೆ ತೊಡೆಗೆ. ಹೀಗೆ ಮೇಲಕ್ಕೆ ಸರಿದರೆ ಒಳ್ಳೆಯದು ಅಂದರು. ‘ಎಲ್ಲ ನನ್ನ ಕೈಗುಣ ಅಂದ್ಕೋಬೇಡಿ, ನಿಮ್ಮ ನಡಿಗೆ, ವ್ಯಾಯಾಮ, ಕಾಲ ಎಲ್ಲ ಸೇರಿದೆ’ ಅಂತಲೂ ಅವರೇ ಹೇಳಿದರು. ಮಾರ್ಚ್‌ನಲ್ಲಿ ತೋಟ ಬೆಳ್ಳಗೆ ಹೂ ಬಿಟ್ಟಾಗ ಗೇಟಿನಿಂದ ಕಣದವರೆಗೆ ನಿಲ್ಲದೆ ನಡೆದೆ. ಆ ವಾಸನೆಗೆ ಕಣ್ಣಲ್ಲಿ ನೀರು ಬಂತು.

ಪಕ್ಕದ ಮನೆ ಅಣ್ಣ ಓಮ್ನಿಯ ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಕಿ ನನ್ನನ್ನು ಮೈಸೂರಿಗೆ ಮಲಗಿಸಿಕೊಂಡು ಹೋಗುತ್ತಿದ್ದರು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಮೂರೂ ಕಡೆ ನಿಲ್ಲಿಸಿ ಐದೈದು ನಿಮಿಷ ನಡೆಸುತ್ತಿದ್ದರು. ಒಂದು ದಿನವೂ ಪೆಟ್ರೋಲು ಅಂತ ಮಾತೆತ್ತಲಿಲ್ಲ. ನಾದಿನಿ ತನ್ನ ಮಂಚ ಬಿಟ್ಟುಕೊಟ್ಟು ವಾರಗಟ್ಟಲೆ ಕೆಳಗೆ ಮಲಗಿದಳು. ತೋಟದ ಕೆಲಸದವರ ಲೈನ್ ಮನೆಯ ಹೆಂಗಸರು ನಾನಿಲ್ಲದಿದ್ದರೂ ಒಂದು ಹಣ್ಣೂ ಉದುರಿ ಹಾಳಾಗದ ಹಾಗೆ ಕೊಯ್ಲು ಮುಗಿಸಿದರು. ಈ ವರ್ಷ ನಮ್ಮಲ್ಲಿ ಯಾರೂ ಮೂಟೆ ತುಂಬಿಸುವುದಿಲ್ಲ. ಅರ್ಧಕ್ಕೇ ಕಟ್ಟಿ, ಇಬ್ಬರು ಹಿಡಿದು ಎತ್ತುತ್ತೇವೆ. ಅದೂ ಅವರೇ ಮಾಡಿದ ನಿಯಮ.

ಕೈರೋಪ್ರಾಕ್ಟರ್ ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಮುಂದಿನ ವಾರ ಕಾಫಿಪುಡಿ, ಕಿತ್ತಳೆ ತೆಗೆದುಕೊಂಡು ಮೈಸೂರಿಗೆ ಹೋಗುತ್ತಿದ್ದೇವೆ. ಅದೇ ಓಮ್ನಿ, ಅದೇ ಅಣ್ಣ. ಹಿಂದಿನ ಸೀಟಿನಲ್ಲಿ ಅತ್ತೆ ಕೂರುತ್ತಾರೆ, ನಾನು ಮುಂದೆ.