ಮನವಿ ಪತ್ರದ ನಾಲ್ಕನೇ ಬೇಡಿಕೆ

ಮಂಡ್ಯ
ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟಿ,

ಗುರುವಾರ ಮಧ್ಯಾಹ್ನ ನೀನು ಸಂಜಯ ವೃತ್ತದಲ್ಲಿ ನಿಂತಿದ್ದನ್ನು ನೋಡಿದೆ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ನೋಟ್‌ಬುಕ್ಕು, ನೆತ್ತಿಯ ಮೇಲೆ ಬಿಸಿಲು. ಕರೆಯಬೇಕು ಎನ್ನಿಸಿತು. ಕೆಲಸದಲ್ಲಿರುವ ಮಗಳನ್ನು ರಸ್ತೆಯ ಈಚೆಯಿಂದ ಕೂಗುವುದು ಸರಿಯಲ್ಲವೆಂದು ಸುಮ್ಮನಾದೆ. ಮೂರು ಗಂಟೆಯ ಬಸ್ಸಿಗೆ ಮೈಸೂರಿಗೆ ಹೊರಟುಹೋದೆನೆಂದು ಸಂಜೆ ಅಮ್ಮನಿಗೆ ಫೋನ್ ಮಾಡಿದೆಯಂತೆ. ಮನೆಗೆ ಬರಲಿಲ್ಲವೆಂದು ನನಗೆ ಬೇಸರವಿಲ್ಲ. ಬೇಸರವಾದದ್ದು ಮಾರನೆಯ ದಿನ.

ಶುಕ್ರವಾರ ಆರು ಗಂಟೆಗೇ ಬಸ್ ನಿಲ್ದಾಣದ ಹತ್ತಿರ ಹೋಗಿ ಪತ್ರಿಕೆಯ ಎರಡು ಪ್ರತಿ ತಂದೆ, ಮನೆಗೊಂದು, ಅಂಗಡಿಗೊಂದು. ಮೂರನೇ ಪುಟದ ಬುಡದಲ್ಲಿ ನಿನ್ನ ವರದಿ ಇತ್ತು. 'ಬಿಸಿಯೂಟ ಕಾರ್ಯಕರ್ತೆಯರ ರಸ್ತೆತಡೆ: ಸಂಚಾರ ಅಸ್ತವ್ಯಸ್ತ, ಪ್ರಯಾಣಿಕರ ಪರದಾಟ.' ಹನ್ನೊಂದು ಸಾಲು. ವಾಹನಗಳು ಎಷ್ಟು ಹೊತ್ತು ನಿಂತವು, ಪೊಲೀಸರು ಹೇಗೆ ಮನವೊಲಿಸಿದರು, ಮುಖಂಡರು ಯಾರ್ಯಾರು ಹಾಜರಿದ್ದರು, ಎಲ್ಲ ಇತ್ತು. ಕೊನೆಯಲ್ಲಿ, 'ವಿವಿಧ ಬೇಡಿಕೆಗಳ ಮನವಿ ಪತ್ರವನ್ನು ಜಿಲ್ಲಾಧಿಕಾರಿ ಕಚೇರಿಗೆ ಸಲ್ಲಿಸಲಾಯಿತು.'

'ವಿವಿಧ ಬೇಡಿಕೆಗಳು.' ಆ ಎರಡು ಪದ ಮೂರು ದಿನದಿಂದ ನನ್ನನ್ನು ಬಿಟ್ಟಿಲ್ಲ. ಆ ಬೇಡಿಕೆಗಳನ್ನು ಬುಧವಾರ ಸಂಜೆ ಟೈಪ್ ಮಾಡಿಕೊಟ್ಟವನು ನಿನ್ನ ಅಪ್ಪ.

ಅಂಗಡಿ ಮುಚ್ಚುವ ಹೊತ್ತಿಗೆ ಐವರು ಹೆಂಗಸರು ಬಂದಿದ್ದರು. ಮಕ್ಕಳ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆಯಲ್ಲಿ ಒಬ್ಬೊಬ್ಬರ ಅಕ್ಷರದಲ್ಲಿ ಒಂದೊಂದು ಬೇಡಿಕೆ, ಒಟ್ಟು ಏಳು. ಗೌರವಧನ ಎಂಬ ಪದ ತೆಗೆದು ವೇತನ ಎಂದು ಕರೆಯಬೇಕು ಎಂಬುದು ಮೊದಲನೆಯದು. ಆಯಾ ತಿಂಗಳ ಹಣ ಆಯಾ ತಿಂಗಳೇ ಖಾತೆಗೆ ಬೀಳಬೇಕು ಎಂಬುದು ಎರಡನೆಯದು. ನಾಲ್ಕನೆಯದಕ್ಕೆ ಬಂದಾಗ ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಂದರು. ಸಾಂಬಾರಿನ ಪಾತ್ರೆ ಇಳಿಸುವಾಗ ಹಿಡಿ ಜಾರಿ ಮೊಣಕೈಯಿಂದ ಬೆರಳಿನವರೆಗೆ ಸುಟ್ಟುಕೊಂಡಿದ್ದಾರೆ. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಕೈಯನ್ನು ತೆಗೆದು ನನ್ನ ಕೀಬೋರ್ಡಿನ ಪಕ್ಕದಲ್ಲಿಟ್ಟರು. ಸುಲಿದ ಚರ್ಮ ನಸುಗೆಂಪಾಗಿ ಹೊಳೆಯುತ್ತಿತ್ತು, ಸುತ್ತಲೂ ಕಪ್ಪು ಅಂಚು. ಕಿರುಬೆರಳು ಬಾಗಿದ್ದು ಬಾಗಿದ ಹಾಗೆಯೇ ಇದೆ. ಔಷಧಿಯ ಖರ್ಚು ಅವರದೇ, ಕೆಲಸಕ್ಕೆ ಹೋಗದ ದಿನಗಳ ಹಣವೂ ಇಲ್ಲ. 'ಅಣ್ಣಾ, ಇದೊಂದನ್ನು ದಪ್ಪ ಅಕ್ಷರದಲ್ಲಿ ಹಾಕಿ, ಓದುವವರ ಕಣ್ಣಿಗೆ ಬೀಳಲಿ' ಎಂದರು. ದಪ್ಪ ಅಕ್ಷರದಲ್ಲೇ ಹಾಕಿದೆ.

ಗುರುವಾರ ಆ ಕೈ ನಿನ್ನಿಂದ ಹತ್ತು ಅಡಿ ದೂರದಲ್ಲಿತ್ತು, ಪುಟ್ಟಿ. ಎರಡನೇ ಸಾಲಿನಲ್ಲಿ, ಹಳದಿ ಸೀರೆ.

ತಲೆಬರಹ ಕೊಡುವುದು ಡೆಸ್ಕಿನವರು, ನಲವತ್ತು ಸಾಲು ಬರೆದರೆ ಹನ್ನೊಂದಕ್ಕೆ ಇಳಿಸುವುದೂ ಅವರೇ ಎಂದು ನೀನು ಹೇಳುತ್ತೀಯೆ. ಒಪ್ಪುತ್ತೇನೆ. ಒಂದೇ ದಿನ ಐದಾರು ಸುದ್ದಿ ಕೊಡಬೇಕು, ಮೂರು ಗಂಟೆಯ ಬಸ್ಸು ಹಿಡಿಯಬೇಕು ಎಂಬುದೂ ಗೊತ್ತು. ಆದರೂ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ: ಆ ಮನವಿ ಪತ್ರವನ್ನು ನೀನು ಓದಿದೆಯಾ?

ಜಿಲ್ಲಾಧಿಕಾರಿ ಕಚೇರಿಯ ಆಸುಪಾಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕೆಲಸ ಬದಲಾಗಲಿಲ್ಲ. ರೈತ ಸಂಘದವರು, ದಲಿತ ಸಂಘಟನೆಯವರು, ಕನ್ನಡಪರ ಸಂಘಟನೆಯವರು, ಪೌರಕಾರ್ಮಿಕರು, ಆಶಾ ಕಾರ್ಯಕರ್ತೆಯರು, ಆಳುವ ಪಕ್ಷದವರು, ವಿರೋಧ ಪಕ್ಷದವರು, ಎಲ್ಲರೂ ಬರುತ್ತಾರೆ. ಬೆಳಗ್ಗೆ ಒಂದು ಕಡೆಯವರದು ಟೈಪ್ ಮಾಡಿ ಮಧ್ಯಾಹ್ನ ಅದೇ ವಿಚಾರಕ್ಕೆ ಇನ್ನೊಂದು ಕಡೆಯವರದು ಮಾಡಿದ್ದೇನೆ. ನನ್ನ ಅಭಿಪ್ರಾಯ ಏನೇ ಇರಲಿ, ಅವರು ಹೇಳಿದ್ದರಲ್ಲಿ ಒಂದು ಪದ ಬಿಡುವುದಿಲ್ಲ. ಮಾರನೆಯ ದಿನ ಪತ್ರಿಕೆ ತೆರೆದು, ನಾನು ಟೈಪ್ ಮಾಡಿದ್ದರಲ್ಲಿ ಎಷ್ಟು ಬಂದಿದೆ ಎಂದು ನೋಡುವುದು ಹಳೆಯ ಅಭ್ಯಾಸ. ಮನವಿ ಸಲ್ಲಿಸುವ ಫೋಟೊ ಬರುತ್ತದೆ. ಅಧಿಕಾರಿ ಒಂದು ತುದಿ ಹಿಡಿದಿರುತ್ತಾರೆ, ಮುಖಂಡರು ಇನ್ನೊಂದು ತುದಿ, ಎಲ್ಲರ ಕಣ್ಣೂ ಕ್ಯಾಮೆರಾದ ಮೇಲೆ. ಆ ಕಾಗದದಲ್ಲಿ ಏನಿದೆ ಎಂಬುದು ಮಾತ್ರ ಅಪರೂಪಕ್ಕೆ ಬರುತ್ತದೆ.

ಇದರಿಂದ ಏನಾಗಿದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂಡ್ಯದ ಪ್ರತಿಭಟನೆ ಮಂಡ್ಯದ ಪುಟದಲ್ಲಿ ಬರುತ್ತದೆ, ಆ ಪುಟವನ್ನು ಓದುವವರು ಮಂಡ್ಯದವರು. ಇಲ್ಲಿಯ ಕಷ್ಟ ಇಲ್ಲಿಯವರಿಗೆ ಮೊದಲೇ ಗೊತ್ತು. ತೀರ್ಮಾನ ಮಾಡಬೇಕಾದವರು ವಿಧಾನಸೌಧದಲ್ಲಿದ್ದಾರೆ, ಅವರ ಮೇಜಿಗೆ ಬರುವ ಪತ್ರಿಕೆಯಲ್ಲಿ ಈ ಪುಟವೇ ಇರುವುದಿಲ್ಲ. ರಾಜ್ಯದ ಪುಟಕ್ಕೆ, ಟಿವಿಯ ಪರದೆಗೆ ಏರಬೇಕಾದರೆ ಕಣ್ಣಿಗೆ ಹೊಡೆಯುವ ಏನಾದರೂ ಆಗಬೇಕು. ಅರೆಬೆತ್ತಲೆ ಮೆರವಣಿಗೆ, ಉರುಳುಸೇವೆ, ಅಣಕು ಶವಯಾತ್ರೆ, ಟಯರಿಗೆ ಬೆಂಕಿ. ನನ್ನಲ್ಲಿಗೆ ಬರುವ ಸಂಘಟನೆಯವರು ಈಗ ಬೇಡಿಕೆಯ ಬಗ್ಗೆ ಹತ್ತು ನಿಮಿಷ ಮಾತನಾಡಿದರೆ, ಈ ಸಲ ಏನು ಮಾಡಿದರೆ ಕ್ಯಾಮೆರಾ ಬರುತ್ತದೆ ಎಂದು ಅರ್ಧ ಗಂಟೆ ಮಾತನಾಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಆ ಪಾಠ ಕಲಿಸಿದ್ದು ಸುದ್ದಿಮನೆಗಳೇ.

2023ರ ಸೆಪ್ಟೆಂಬರ್ ನಿನಗೆ ನೆನಪಿರಬೇಕು. ಸರ್ ಎಂ.ವಿ. ಪ್ರತಿಮೆಯ ಎದುರು ಕಾವೇರಿ ಧರಣಿ ನಡೆಯುತ್ತಿತ್ತು. ತಮಿಳುನಾಡಿಗೆ ಹದಿನೈದು ದಿನ 5,000 ಕ್ಯೂಸೆಕ್ ನೀರು ಬಿಡಬೇಕು ಎಂಬ ಆದೇಶ ಬಂದಿತ್ತು, ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. 124.80 ಅಡಿ ತುಂಬಬೇಕಾದ ಕನ್ನಂಬಾಡಿಯಲ್ಲಿ ನೂರು ಅಡಿಗೂ ಕಡಿಮೆ ನೀರು. ಒಂದು ಸಂಜೆ ಮನವಿ ಬರೆಸಲು ಬಂದ ಹಿರಿಯ ರೈತರೊಬ್ಬರು ನನ್ನ ಮೇಜಿನ ಮೇಲಿದ್ದ ರದ್ದಿ ಹಾಳೆ ತಿರುಗಿಸಿ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿದರು. ಸೆಕೆಂಡಿಗೆ ಐದು ಸಾವಿರ ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಅಂದರೆ ದಿನಕ್ಕೆ 43.20 ಕೋಟಿ ಘನ ಅಡಿ, ಹದಿನೈದು ದಿನಕ್ಕೆ 648 ಕೋಟಿ. ನೂರು ಕೋಟಿಗೆ ಒಂದು ಟಿಎಂಸಿ, ಹತ್ತಿರ ಹತ್ತಿರ ಆರೂವರೆ ಟಿಎಂಸಿ. ಕಟ್ಟೆ ಪೂರ್ತಿ ತುಂಬಿದರೂ ಹಿಡಿಯುವುದು 49.45 ಟಿಎಂಸಿ. 'ಈಗ ಹೇಳಿ, ನಾಲೆಗೆ ಎಷ್ಟು ಉಳಿಯುತ್ತದೆ, ನನ್ನ ಭತ್ತಕ್ಕೆ ಎಷ್ಟು ಕಟ್ಟು ನೀರು ಸಿಗುತ್ತದೆ?' ಎಂದು ಕೇಳಿದರು. ಎಷ್ಟು ಒಳ್ಳೆಯ ಪ್ರಶ್ನೆ! ಅದನ್ನೇ ಮನವಿಯಲ್ಲಿ ಬರೆದೆವು. ಮಾರನೆಯ ದಿನ ಟಿವಿಯವರು ಬಂದಾಗ ಅವರು ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. ಯಾರೂ ಅವರನ್ನು ಮಾತನಾಡಿಸಲಿಲ್ಲ. ನೇರಪ್ರಸಾರದ ಸಂಪರ್ಕ ಸಿಗುವವರೆಗೆ ಟಯರಿಗೆ ಬೆಂಕಿ ಹಚ್ಚುವುದನ್ನು ಸ್ವಲ್ಪ ತಡೆಯಿರಿ ಎಂದು ಒಬ್ಬರು ಕೇಳಿಕೊಂಡದ್ದನ್ನು ನಾನೇ ಕೇಳಿಸಿಕೊಂಡೆ. ಪರದೆಯ ಮೇಲೆ ಆ ರಾತ್ರಿಯೆಲ್ಲ ಹೊಗೆ, 'ಭುಗಿಲೆದ್ದ ಆಕ್ರೋಶ', 'ಧಗಧಗಿಸಿದ ಮಂಡ್ಯ'. ಅದನ್ನು ನೋಡಿದ ಹೊರಗಿನವರಿಗೆ ನಾವು ಬೆಂಕಿ ಹಚ್ಚುವ ಜನರಾಗಿ ಕಂಡಿರುತ್ತೇವೆ. ಪೆನ್ಸಿಲ್ ಹಿಡಿದು ನೀರಿನ ಲೆಕ್ಕ ಮಾಡುವವರೂ ಇಲ್ಲಿದ್ದಾರೆ ಎಂದು ಯಾರಿಗೆ ತಿಳಿಯಬೇಕು?

ನಮ್ಮ ಜಿಲ್ಲೆಯ ಕೆರಗೋಡಿನ ಬಾವುಟದ ಸಮಯದಲ್ಲೂ ಹೀಗೆಯೇ ಆಯಿತು. 2024ರ ಜನವರಿ 28ರಂದು 108 ಅಡಿ ಕಂಬದಿಂದ ಹನುಮ ಧ್ವಜ ಇಳಿಸಿದ ಮೇಲೆ ಆ ವಾರವೆಲ್ಲ ಅದೇ ಚರ್ಚೆ. ರಾಷ್ಟ್ರಧ್ವಜ, ಕನ್ನಡ ಬಾವುಟಕ್ಕೆ ಮಾತ್ರ ಅನುಮತಿ ಇತ್ತು ಎಂದು ಆಡಳಿತ ಹೇಳಿತು. ಊರಿನವರು ಹಣ ಹಾಕಿ ನಿಲ್ಲಿಸಿದ ಕಂಬ ಎಂದು ಇನ್ನೊಂದು ಕಡೆಯವರು ಹೇಳಿದರು. ಇಂಥ ಜಗಳದಲ್ಲಿ ಮೊದಲು ನೋಡಬೇಕಾದದ್ದು ಕಾಗದ. ಯಾರು ಅರ್ಜಿ ಕೊಟ್ಟರು, ಪಂಚಾಯಿತಿ ಏನೆಂದು ಬರೆದುಕೊಟ್ಟಿತು, ಷರತ್ತು ಏನಿತ್ತು. ನಾನು ನೋಡಿದ ಚರ್ಚೆಗಳಲ್ಲಿ ಆ ಕಾಗದವನ್ನು ಸಾಲು ಸಾಲಾಗಿ ಓದಿದವರು ಒಬ್ಬರೂ ಇರಲಿಲ್ಲ. ನಾಲ್ಕು ಚೌಕಗಳಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುತ್ತಿದ್ದರು, ನಡುವೆ ನಿರೂಪಕರು ಅವರಿಗಿಂತ ಜೋರಾಗಿ. ಇದೇ ಜಿಲ್ಲೆಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧವಿದ್ದರೂ ಟಿ. ಸಿದ್ದಲಿಂಗಯ್ಯನವರು ತ್ರಿವರ್ಣ ಬಾವುಟ ಹಾರಿಸಿ ಬಂಧನಕ್ಕೊಳಗಾದರು. ಎರಡು ಪ್ರಸಂಗವನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಬಾವುಟದ ವಿಚಾರದಲ್ಲಿ ಇಷ್ಟು ಹಳೆಯ ನೆನಪಿರುವ ಜಿಲ್ಲೆಗೆ ಇನ್ನಷ್ಟು ಸಮಾಧಾನದ ವರದಿ ಸಿಗಬೇಕಿತ್ತು ಎಂಬುದಷ್ಟೇ ನನ್ನ ಸಂಕಟ.

ನೀನು ಓದಿದ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯದೇ ಒಂದು ವಿಷಯವಿದೆ. ನೀನಾಗ ಪಿಯುಸಿ. 2020ರ ಜನವರಿ 8ರಂದು ಅಲ್ಲಿಯ ಪ್ರತಿಭಟನೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು 'ಫ್ರೀ ಕಾಶ್ಮೀರ್' ಎಂಬ ಫಲಕ ಹಿಡಿದಳು. ಎರಡೇ ಪದದ ಆ ಚಿತ್ರ ಊರೂರು ಸುತ್ತಿತು, ದೇಶದ್ರೋಹದ ಪ್ರಕರಣ ದಾಖಲಾಯಿತು. 2019ರ ಆಗಸ್ಟ್‌ನಿಂದ ಕಾಶ್ಮೀರದಲ್ಲಿ ಇಂಟರ್‌ನೆಟ್ ನಿಲ್ಲಿಸಿದ್ದನ್ನು ಕುರಿತು ಹಾಗೆ ಬರೆದೆ ಎಂದು ಅವಳು ಹೇಳಿದಳು. ಅವಳ ಪರ ವಕಾಲತ್ತು ವಹಿಸುವುದಿಲ್ಲ ಎಂದು ಮೈಸೂರಿನ ವಕೀಲರ ಸಂಘ ನಿರ್ಣಯ ಮಾಡಿತು. ಬೇರೆ ಊರುಗಳಿಂದ ವಕೀಲರು ಬಂದು ನಿಂತರು, ಅದೇ ತಿಂಗಳ 27ರಂದು ನಿರೀಕ್ಷಣಾ ಜಾಮೀನು ಸಿಕ್ಕಿತು. ಈ ನಡುವೆ, ಜನವರಿ 10ರಂದು, ಇಂಟರ್‌ನೆಟ್ ಮೂಲಕ ಮಾತನಾಡುವುದಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ, ಅನಿರ್ದಿಷ್ಟ ಕಾಲ ಅದನ್ನು ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕಾಶ್ಮೀರದ ಪ್ರಕರಣದಲ್ಲೇ ಹೇಳಿತು. ಫಲಕ ಹಿಡಿದ ಎರಡೇ ದಿನಕ್ಕೆ! ಈ ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಿದ ಸುದ್ದಿಯನ್ನು ನಾನು ಆಗ ಎಲ್ಲೂ ನೋಡಲಿಲ್ಲ. ಆ ಫಲಕ ಸರಿಯಲ್ಲ, ಆ ಪದಗಳಿಗೆ ಬೇರೆಯೇ ಅರ್ಥವಿದೆ ಎನ್ನುವವರು ನಮ್ಮ ಮನೆಯಲ್ಲೇ ಇದ್ದರು, ನಿನ್ನ ದೊಡ್ಡಪ್ಪ. ಅವರ ಮಾತೂ ವರದಿಯಲ್ಲಿ ಬರಬೇಕು. ಫಲಕ ಹಿಡಿದವಳನ್ನು 'ನಿನ್ನ ಮಾತಿನ ಅರ್ಥವೇನು' ಎಂದು ಕೇಳಿ, ಅವಳ ಉತ್ತರವನ್ನು ಚಿತ್ರದಷ್ಟೇ ದೊಡ್ಡದಾಗಿ ಹಾಕಬೇಕು. ಕೇಳುವುದಕ್ಕೆ ಮೊದಲೇ ಹೆಸರಿಟ್ಟುಬಿಟ್ಟರೆ ಆಮೇಲೆ ಕೋರ್ಟು ಏನು ಹೇಳಿದರೂ ಆ ಹೆಸರು ಹೋಗುವುದಿಲ್ಲ.

ರಸ್ತೆಯಲ್ಲಿ ಸಿಕ್ಕಿಕೊಂಡವರ ಕಷ್ಟವನ್ನು ಬರೆಯಬೇಡ ಎಂದು ನಾನು ಹೇಳುತ್ತಿಲ್ಲ. ಆ ಗುರುವಾರ ಬಸ್ಸಿನಲ್ಲಿ ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ತಾಯಿ ಇದ್ದಿರಬಹುದು. ಸಾರ್ವಜನಿಕ ರಸ್ತೆಯನ್ನು ಎಷ್ಟು ದಿನ ಬೇಕಾದರೂ ಹಿಡಿದು ಕೂರುವಂತಿಲ್ಲ ಎಂದು ಕೋರ್ಟೂ ಹೇಳಿದೆ. ಅದನ್ನು ಬರೆ. ಆದರೆ ನೀನು ದಿನಾ ಹಾದುಹೋಗುವ ರಾಮಸ್ವಾಮಿ ವೃತ್ತವನ್ನು ನೆನೆಸಿಕೋ. ಸ್ವಾತಂತ್ರ್ಯ ಬಂದು ತಿಂಗಳಾಗುವಷ್ಟರಲ್ಲಿ, 1947ರ ಸೆಪ್ಟೆಂಬರ್‌ನಲ್ಲಿ, ಮೈಸೂರು ಚಲೋ ಚಳವಳಿಯಲ್ಲಿ ರಾಮಸ್ವಾಮಿ ಎಂಬ ಆ ಹುಡುಗ ಅಲ್ಲಿ ಗುಂಡಿಗೆ ಬಲಿಯಾದ. ಹಾರ್ಡ್ವಿಕ್ ಶಾಲೆಯ ವಿದ್ಯಾರ್ಥಿ. ಜನ ಕೇಳಿದ್ದು ಜವಾಬ್ದಾರಿ ಸರ್ಕಾರ, ಅಂದರೆ ಅರಸರಿಗಲ್ಲ, ಜನರಿಗೆ ಉತ್ತರ ಕೊಡುವ ಸರ್ಕಾರ. ಏನು ಕೇಳಿದರು ಎಂಬುದು ಉಳಿದಿರುವುದರಿಂದಲೇ ಆ ಸಾವಿಗೆ ಇಂದಿಗೂ ಅರ್ಥವಿದೆ. ಅಂದು ಎಷ್ಟು ಗಾಡಿ ನಿಂತವು ಎಂದಷ್ಟೇ ಯಾರಾದರೂ ಬರೆದಿಟ್ಟಿದ್ದರೆ ನಮಗೆ ಏನು ತಿಳಿಯುತ್ತಿತ್ತು?

ನನ್ನ ಕಂಪ್ಯೂಟರಿನಲ್ಲಿ ವರ್ಷದ ಪ್ರಕಾರ ಎಲ್ಲ ಮನವಿಗಳೂ ಇವೆ. ಬೇಡಿಕೆ ಇಟ್ಟವರು ಒಪ್ಪಿದರೆ ತೋರಿಸುತ್ತೇನೆ. ಟಪಾಲಿನಲ್ಲಿ ಮೊಹರು ಬಿದ್ದ ಮೇಲೆ ಅವು ಎಲ್ಲಿಗೆ ಹೋದವು, 'ಸೂಕ್ತ ಕ್ರಮಕ್ಕಾಗಿ ರವಾನಿಸಿದೆ' ಎಂದು ಬರೆದವರು ಯಾರಿಗೆ ರವಾನಿಸಿದರು, ಆರು ತಿಂಗಳ ನಂತರ ಏನಾಯಿತು ಎಂದು ಕೇಳುತ್ತಾ ಹೋದರೆ ನಿನಗೆ ವರ್ಷವಿಡೀ ಸುದ್ದಿ ಇದೆ. ಡೆಸ್ಕಿನವರು ಹನ್ನೊಂದೇ ಸಾಲು ಕೊಟ್ಟರೂ ಅದರಲ್ಲಿ ಎರಡು ಸಾಲನ್ನು ಬೇಡಿಕೆಗೆ ಎತ್ತಿಡು. ಅದಕ್ಕಾಗಿ ಅವರ ಹತ್ತಿರ ಜಗಳವಾಡಬೇಕಾಗಿ ಬಂದರೆ ಜಗಳವಾಡು.

ನಿನ್ನೆ ಆ ಹಳದಿ ಸೀರೆಯ ಹೆಂಗಸು ಅಂಗಡಿಗೆ ಬಂದಿದ್ದರು. ಪತ್ರಿಕೆಯಲ್ಲಿ ಬಂದಿದೆಯಂತೆ, ಓದಿ ಹೇಳಿ ಎಂದರು. ವರದಿಯ ಕೆಳಗೆ ಹೆಸರಿರಲಿಲ್ಲ, ಬರೆದದ್ದು ನನ್ನ ಮಗಳು ಎಂದು ನಾನೂ ಹೇಳಲಿಲ್ಲ. ಹನ್ನೊಂದು ಸಾಲನ್ನೂ ಓದಿದೆ. ಮುಗಿದ ಮೇಲೂ ಸ್ವಲ್ಪ ಹೊತ್ತು ಕಾದು, 'ಅಷ್ಟೇನಾ ಅಣ್ಣಾ?' ಎಂದರು. ಪುಟ ತಿರುಗಿಸಿ ಹಿಂದೆಯೂ ಇದೆಯೇನೋ ಎಂದು ಸುಟ್ಟ ಕೈಯಲ್ಲೇ ತೋರಿಸಿದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಅವರಿಗೆ ಇನ್ನೂ ಯಾವ ಉತ್ತರವೂ ಬಂದಿಲ್ಲ. ಬುಧವಾರ ಮತ್ತೆ ಮನವಿ ಬರೆಸುತ್ತಾರಂತೆ. ಎಂದಿನಂತೆ ಮೂರು ಪ್ರತಿ ತೆಗೆಯುತ್ತೇನೆ. ನಿನಗೊಂದು ಪ್ರತಿ ಬೇಕಾಗಬಹುದು ಎಂದು ಅವರನ್ನು ಕೇಳಿದ್ದೇನೆ, ಆಗಲಿ ಎಂದಿದ್ದಾರೆ. ಸಂಜೆ ಏಳರವರೆಗೆ ಅಂಗಡಿ ತೆರೆದಿರುತ್ತದೆ. ರಾತ್ರಿ ಇಲ್ಲೇ ಉಳಿ, ಗುರುವಾರ ಬೆಳಗಿನ ರೈಲಿಗೆ ಹೋಗುವೆಯಂತೆ.

ನಿನ್ನ ಅಪ್ಪ